ಬುಕ್ರಾ, ಇನ್‌ಶಾ ಅಲ್ಲಾಹ್

ಗಲ್ಫ್‌ನಲ್ಲಿ ದುಡಿಯುವವನ ಕಷ್ಟವೆಂದರೆ ಬಿಸಿಲು, ಒಂಟಿತನ, ಊರಿನ ನೆನಪು ಎಂದು ನಮ್ಮವರು ಭಾವಿಸುತ್ತಾರೆ. 2004ರಿಂದ 2018ರವರೆಗೆ ಸೌದಿ ಅರೇಬಿಯಾದ ಜುಬೈಲ್‌ನಲ್ಲಿದ್ದ ನನ್ನನ್ನು ಕೇಳಿದರೆ, ಬಿಸಿಲಿಗೆ ಎಸಿ ಇದೆ, ನೆನಪಿಗೆ ಫೋನ್ ಇದೆ. ಮದ್ದಿಲ್ಲದ್ದು ಕೌಂಟರಿನ ಮುಂದಿನ ಕಾಯುವಿಕೆಗೆ.

ಅಲ್ಲಿ ಹೋದ ಹೊಸದರಲ್ಲಿ ನಾನು ಕಲಿತ ಮೊದಲ ಅರಬಿ ಪದ ‘ಬುಕ್ರಾ’. ಅಂದರೆ ನಾಳೆ. ಸಿಮ್ ಕಾರ್ಡ್ ಕೇಳಿದರೆ ಬುಕ್ರಾ. ಬಾಡಿಗೆ ಮನೆಯ ಮಾಳಿಗೆಯ ಟ್ಯಾಂಕಿನಲ್ಲಿ ನೀರು ಮುಗಿದಿದೆ ಎಂದರೆ ಬುಕ್ರಾ. ನಮ್ಮ ಹಳ್ಳಿಗಳಲ್ಲಿ ದೆವ್ವ ಒಳಗೆ ಬರಬಾರದೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಆ ದೆವ್ವದ ಸಂಕಟ ನನಗೆ ಅರ್ಥವಾದದ್ದು ಜುಬೈಲ್‌ನಲ್ಲಿ. ಅದೂ ಪಾಪ, ದಿನಾ ಬಂದು ಓದಿಕೊಂಡು ಹಿಂತಿರುಗುತ್ತಿತ್ತಂತೆ.

ಬುಕ್ರಾದ ಹಿಂದೆಯೇ ಇನ್‌ಶಾ ಅಲ್ಲಾಹ್ ಬರುತ್ತದೆ. ನಾಳೆ ಒಂದು ಕೆಲಸ ಮಾಡುತ್ತೇನೆ ಎನ್ನುವಾಗ ಅಲ್ಲಾಹನ ಇಚ್ಛೆಯನ್ನು ಸೇರಿಸಿ ಹೇಳಬೇಕೆಂದು ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯ ಕಲಿಸುತ್ತದೆ. ಅದು ಮಾತು ಕೊಡುವವನ ವಿನಯ. ಕೌಂಟರಿನಲ್ಲಿ ಅದು ಮಾತು ಕೊಡದೆ ಜಾರಿಕೊಳ್ಳುವ ಉಪಾಯ. ಇಷ್ಟು ದೊಡ್ಡ ಮಾತನ್ನು ಇಷ್ಟು ಸಣ್ಣ ಕೆಲಸಕ್ಕೆ ಬಳಸುವುದನ್ನು ಕಂಡಾಗೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು. ನಮ್ಮೂರಿನ ಕಂಟ್ರಾಕ್ಟರುಗಳೂ ಹೀಗೆಯೇ ಹೇಳುತ್ತಾರೆ ಎಂಬುದು ಬೇರೆ ವಿಷಯ.

ದಿನಗಳ ಲೆಕ್ಕವೂ ಕೂಡಿ ಬರುತ್ತಿರಲಿಲ್ಲ. 2013ರ ಜೂನ್‌ವರೆಗೆ ಅಲ್ಲಿ ವಾರದ ರಜೆ ಗುರುವಾರ ಮತ್ತು ಶುಕ್ರವಾರ. ಊರಿನಲ್ಲಿ ಭಾನುವಾರ. ಮಂಗಳೂರಿನ ಬ್ಯಾಂಕಿಗೂ ಅಲ್ಲಿನ ಕಚೇರಿಗೂ ಸಂಬಂಧಪಟ್ಟ ಕೆಲಸವಿದ್ದರೆ, ಎರಡೂ ಕಡೆ ಬಾಗಿಲು ತೆರೆದಿರುವ ದಿನಗಳು ಸೋಮ, ಮಂಗಳ, ಬುಧ, ಮತ್ತೆ ಶನಿವಾರ. ಇನ್ನು ನಮಾಝಿನ ಹೊತ್ತಿಗೆ ಅಂಗಡಿ ಮುಚ್ಚುತ್ತಿದ್ದರು. 2021ರ ಜುಲೈಯಲ್ಲಿ ನಮಾಝಿನ ವೇಳೆಯಲ್ಲೂ ಅಂಗಡಿ ತೆರೆದಿಡಲು ಅವಕಾಶ ಕೊಟ್ಟರು; ನಾನಿದ್ದ ಕಾಲದಲ್ಲಿ ಅದಿರಲಿಲ್ಲ. ನಮಾಝಿನ ಬಗ್ಗೆ ನನ್ನ ದೂರಿಲ್ಲ. ಶಟರ್ ಎಳೆದು ನಮಾಝಿಗೂ ಹೋಗದೆ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಾ, ಜಮಾಅತ್ ಮುಗಿದು ಅರ್ಧ ಗಂಟೆಯಾದರೂ ಬಾಗಿಲು ತೆರೆಯದವನ ಬಗ್ಗೆ ಇದೆ.

ಇವೆಲ್ಲ ಸಹಿಸಬಹುದಾದವು. ಸಹಿಸಲಾಗದ್ದು ಹೆಸರಿನ ತೊಂದರೆ. ನನ್ನ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಪುತ್ತಿಗೆ, ನಮ್ಮ ಹಿರಿಯರ ಊರು. ಅರಬಿಯಲ್ಲಿ ‘ಪ’ ಇಲ್ಲ, ಅದರ ಜಾಗಕ್ಕೆ ‘ಬ’ ಬರುತ್ತದೆ. ಶುದ್ಧ ಅರಬಿಯಲ್ಲಿ ‘ಗ’ಕ್ಕೂ ನೇರವಾದ ಅಕ್ಷರವಿಲ್ಲ. ಸಾಲದ್ದಕ್ಕೆ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿಯಿಲ್ಲ. ಹೀಗಾಗಿ ನನ್ನ ಇಕಾಮಾದಲ್ಲಿ ನಾನು ‘ಬುತ್ತಿಕೆ’ಯಾದೆ. ಗೆಳೆಯರು ಬುತ್ತಿ ಎಂದು ಕರೆದು ನಗುತ್ತಿದ್ದರು. ನಾನೂ ನಗುತ್ತಿದ್ದೆ, 2009ರವರೆಗೆ.

ಆ ವರ್ಷ ನಮ್ಮ ಮೂರನೆಯ ಮಗು, ಹೆಣ್ಣು, ಅಲ್ಲಿಯೇ ಹುಟ್ಟಿತು. ಆಗ ಬಂಟ್ವಾಳದ ಹತ್ತಿರದ ನಮ್ಮ ಮನೆಯಲ್ಲಿ ಉಮ್ಮನಿಗೆ ಕಿಡ್ನಿ ಕಾಯಿಲೆ. ವಾರಕ್ಕೆರಡು ಬಾರಿ ಡಯಾಲಿಸಿಸ್. ಪ್ರತಿ ಶುಕ್ರವಾರ ಫೋನ್ ಮಾಡಿದಾಗ ಒಂದೇ ಪ್ರಶ್ನೆ, ಮಗುವನ್ನು ಯಾವಾಗ ಕರೆತರುತ್ತೀ?

ಹೊರದೇಶದಲ್ಲಿ ಹುಟ್ಟಿದ ಮಗು ವಿಮಾನ ಹತ್ತಬೇಕಾದರೆ ಎಷ್ಟು ಬಾಗಿಲು ದಾಟಬೇಕೆಂದು ಊರಿನಲ್ಲಿರುವವರಿಗೆ ಗೊತ್ತಿರುವುದಿಲ್ಲ. ಮೊದಲು ಆಸ್ಪತ್ರೆಯ ಚೀಟಿ. ಅದನ್ನು ತೋರಿಸಿ ನಾಗರಿಕ ದಾಖಲೆ ಕಚೇರಿಯಿಂದ ಅರಬಿಯ ಜನನ ಪತ್ರ. ಅದರ ಅನುವಾದದೊಂದಿಗೆ ಭಾರತೀಯ ಪಾಸ್‌ಪೋರ್ಟಿಗೆ ಅರ್ಜಿ. ಪಾಸ್‌ಪೋರ್ಟ್ ಬಂದ ಮೇಲೆ ತಂದೆಯ ಇಕಾಮಾಕ್ಕೆ ಮಗುವಿನ ಸೇರ್ಪಡೆ. ಕೊನೆಗೆ ಹೋಗಿ ಬರುವ ವೀಸಾ. ಒಂದು ಬಾಗಿಲು ತೆರೆಯದೆ ಮುಂದಿನದು ತೆರೆಯುವುದಿಲ್ಲ.

ನಾನು ಪಾಸ್‌ಪೋರ್ಟಿನ ಪ್ರತಿ ಕೊಟ್ಟಿದ್ದೆ, ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬೇರೆ ಬರೆದು ಕೊಟ್ಟಿದ್ದೆ. ಆದರೂ ಮಗುವಿನ ಜನನ ಪತ್ರದಲ್ಲಿ ತಂದೆಯ ಹೆಸರು ಇಕಾಮಾದಲ್ಲಿದ್ದಂತೆಯೂ ಬರಲಿಲ್ಲ, ಪಾಸ್‌ಪೋರ್ಟಿನಲ್ಲಿದ್ದಂತೆಯೂ ಬರಲಿಲ್ಲ. ಮೂರನೆಯದೊಂದು ಹುಟ್ಟಿಕೊಂಡಿತು. ಅರ್ಜಿ ಸ್ವೀಕರಿಸುವವರು ಈ ಮಗು ನಿಮ್ಮದೆಂದು ಕಾಗದ ಹೇಳುತ್ತಿಲ್ಲ ಎಂದರು. ತಿದ್ದಿಸಲು ಹೋದರೆ ಬುಕ್ರಾ. ಮರುದಿನ ಹೋದರೆ, ತಿದ್ದುವ ಮುದೀರ್ ರಜೆಯಲ್ಲಿದ್ದಾರೆ. ಮುದೀರ್ ಬಂದ ಮೇಲೆ, ಆಸ್ಪತ್ರೆಯಿಂದ ಹೊಸ ಚೀಟಿ ತನ್ನಿ. ಆಸ್ಪತ್ರೆಗೆ ಹೋದರೆ, ನಮ್ಮ ಚೀಟಿ ಸರಿಯಾಗಿಯೇ ಇದೆಯಲ್ಲ! ಕಂಪೆನಿಯಲ್ಲಿ ಪ್ರತಿ ಬಾರಿಯೂ ಅರ್ಧ ದಿನದ ಅನುಮತಿ ಬೇಡಬೇಕು.

ಒಬ್ಬನೇ ಹೋಗಿ ಬಾ ಎಂದು ಗೆಳೆಯರು ಹೇಳಿದರು. ಇಬ್ಬರು ಸಣ್ಣ ಮಕ್ಕಳು, ಒಂದು ಹಸುಗೂಸಿನ ಜೊತೆ ಹೆಂಡತಿಯನ್ನು ಎಲ್ಲಿ ಬಿಡುವುದು? ಹೆಂಗಸರು ಕಾರು ಓಡಿಸಲು ಅಲ್ಲಿ ಅನುಮತಿ ಸಿಕ್ಕಿದ್ದು 2018ರ ಜೂನ್‌ನಲ್ಲಿ. ರಾತ್ರಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಲು ಅವಳು ಇನ್ನೊಬ್ಬರ ಬಾಗಿಲು ಬಡಿಯಬೇಕಾಗಿತ್ತು. ಉಮ್ಮನೂ ನೀನು ಬಾ ಎನ್ನಲಿಲ್ಲ, ಮಗುವನ್ನು ತಾ ಎಂದರು.

ವೀಸಾ ಮುದ್ರೆಯಾದ ಮಗುವಿನ ಪಾಸ್‌ಪೋರ್ಟ್ ನನ್ನ ಕೈಸೇರಿದ್ದು ಒಂದು ಶನಿವಾರ. ಉಮ್ಮ ತೀರಿಕೊಂಡದ್ದು ಅದರ ಹಿಂದಿನ ಬುಧವಾರ. ನಾವು ಹೋಗಿ ಕಬರಿನ ಬಳಿ ನಿಂತೆವು.

ಆ ಗುಮಾಸ್ತನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಕೆಟ್ಟವನೇನಲ್ಲ, ಕೊನೆಯ ದಿನ ಖರ್ಜೂರವನ್ನೂ ಕೊಟ್ಟ. ಅವನ ಮುಂದಿದ್ದದ್ದು ಒಂದು ಅಕ್ಷರ, ಅಷ್ಟೆ. ಅದರ ಹಿಂದೆ ಒಬ್ಬ ಮುದುಕಿ ಕಾಯುತ್ತಿದ್ದಾಳೆಂದು ಕಾಗದದಲ್ಲಿ ಬರೆದಿರುವುದಿಲ್ಲ. ಬರೆದಿದ್ದರೂ ನನಗೆ ಬರುತ್ತಿದ್ದ ಅರಬಿಯಲ್ಲಿ ಅದನ್ನು ಹೇಳಲಾಗುತ್ತಿರಲಿಲ್ಲ. ಜಗಳವಾಡಲು ಬೇಕಾಗುವ ಭಾಷೆ ತರಕಾರಿ ಕೊಳ್ಳುವ ಭಾಷೆಗಿಂತ ಬಹಳ ದೊಡ್ಡದು.

ನನಗಾದರೂ ಕಂಪೆನಿಯ ಬೆಂಬಲವಿತ್ತು. ಮಾಲೀಕ ಇಕಾಮಾ ನವೀಕರಿಸದೆ ಬಿಟ್ಟ ಡ್ರೈವರುಗಳನ್ನು ನೋಡಿದ್ದೇನೆ. ಇಕಾಮಾ ಮುಗಿದರೆ ಬ್ಯಾಂಕ್ ಖಾತೆ ನಿಲ್ಲುತ್ತದೆ, ಊರಿಗೆ ಹಣ ಹೋಗುವುದಿಲ್ಲ, ದಾರಿಯಲ್ಲಿ ಪೊಲೀಸರು ಹಿಡಿದರೆ ತಪ್ಪು ಅವನದೇ. 2021ರ ಮಾರ್ಚ್‌ನಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು, ಹಲವು ಸಂದರ್ಭಗಳಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸಬಹುದು. ಮನೆಗೆಲಸದವರನ್ನೂ ಮನೆಯ ಡ್ರೈವರುಗಳನ್ನೂ ಅದರಿಂದ ಹೊರಗಿಟ್ಟರು. ಹೆಚ್ಚು ಬೇಕಾಗಿದ್ದವರೇ ಅವರು. ಈಗ ಬಹಳಷ್ಟು ಕೆಲಸ ‘ಅಬ್ಶಿರ್’ ಎಂಬ ಆ್ಯಪ್‌ನಲ್ಲಿ ಕುಳಿತಲ್ಲೇ ಆಗುತ್ತದೆ ಎಂದು ಅಲ್ಲಿರುವವರು ಹೇಳುತ್ತಾರೆ. ಒಳ್ಳೆಯದೇ. ನಮ್ಮ ಕಾಲಕ್ಕೆ ಅದು ಪೂರ್ತಿ ಬಂದಿರಲಿಲ್ಲ.

2017ರ ಜುಲೈಯಿಂದ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಶುರುವಾಯಿತು, ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಗುವುದೆಂದರು. ಹೆಂಡತಿ, ಮೂವರು ಮಕ್ಕಳು. ಲೆಕ್ಕ ಹಾಕಿದರೆ ಕೊನೆಗೆ ವರ್ಷಕ್ಕೆ 19,200 ರಿಯಾಲ್. ಗಂಟುಮೂಟೆ ಕಟ್ಟಿದೆವು. ಮಂಗಳೂರಿನ ಶಾಲೆಯಲ್ಲಿ ಮಗಳ ಜನನ ಪತ್ರ ನೋಡಿ, ಇದು ಯಾವ ಭಾಷೆ ಎಂದು ಕೇಳಿದರು. ಅನುವಾದ ತೋರಿಸಿದೆ. ನಾಳೆ ಬನ್ನಿ ಎಂದರು.

ಕಳೆದ ವರ್ಷ ಒಂದು ಕಚೇರಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಬಂಗಾಳದ ಕಟ್ಟಡ ಕೆಲಸದ ಹುಡುಗ. ಅರ್ಜಿ ಕನ್ನಡದಲ್ಲಿದೆ, ಅವನಿಗೆ ಬರುವುದಿಲ್ಲ. ಹೆಸರು ಹೇಳಿದ. ಗುಮಾಸ್ತರು ‘ಬ’ ಅಲ್ಲ, ‘ವ’ ಇರಬೇಕು ಎನ್ನುತ್ತಾ ತಾವೇ ತಿದ್ದಿ ಬರೆಯತೊಡಗಿದರು. ಬಂಗಾಳಿಗಳಿಗೆ ‘ವ’ ಬರುವುದಿಲ್ಲ, ಇವರು ಹೇಳುವುದೇ ಹೀಗೆ ಎಂದು ನಕ್ಕರು ಕೂಡ. ನಾನು ಮುಂದೆ ಹೋಗಿ, ಅವನ ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಬರೆಯಿರಿ ಎಂದೆ. ಅವರಿಗೆ ಇಷ್ಟವಾಗಲಿಲ್ಲ. ಬೇರೆ ಫಾರಂ ತೆಗೆದುಕೊಂಡು ಬದಿಯ ಬೆಂಚಿನಲ್ಲಿ ಕುಳಿತು ನಾನೇ ತುಂಬಿಸಿದೆ, ಹುಡುಗ ಕಾರ್ಡ್ ಹಿಡಿದುಕೊಂಡು ಒಂದೊಂದೇ ಅಕ್ಷರ ತೋರಿಸಿದ. ನನ್ನ ಸರದಿ ಹೋಯಿತು. ಮರುದಿನ ಮತ್ತೆ ಹೋಗಬೇಕಾಯಿತು.