ತಗಡಿನ ಡಬ್ಬದೊಳಗಿನ ಹುಳಿ ವಾಸನೆ

ತೀರ್ಥಹಳ್ಳಿ ಕಡೆಯ ಒಂದು ಹಳೆಯ ಹೆಂಚಿನ ಮನೆ. 2019ರ ಆಗಸ್ಟ್ ತಿಂಗಳು. ಅಜ್ಜಯ್ಯ ಅಟ್ಟದಿಂದ ಬಿಸ್ಕತ್ತಿನ ತಗಡಿನ ಡಬ್ಬವೊಂದನ್ನು ಇಳಿಸಿದರು. ಅಜ್ಜಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಗೋಡೆಯ ಮೇಲಿದ್ದ ಆಕೆಯ ಒಂದೇ ಒಂದು ಫೋಟೊ ಹಿಂದಿನ ಮಳೆಗಾಲದಲ್ಲಿ ಗೆದ್ದಲಿನ ಪಾಲಾಗಿತ್ತು. "ಅದಕ್ಕೇನು, ನೆಗೆಟಿವ್ ಇದೆಯಲ್ಲ" ಎಂದು ಎಲ್ಲರಿಗೂ ಧೈರ್ಯ ಹೇಳಿದವರು ಅಜ್ಜಯ್ಯನೇ. 1974ರಲ್ಲಿ ತಾವೇ ತೆಗೆದ ಫೋಟೊ. ನೆಗೆಟಿವ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು, ಗಾಳಿ ಹೋಗದಂತೆ ಮುಚ್ಚಳಕ್ಕೆ ಟೇಪು ಸುತ್ತಿ ಇಟ್ಟಿದ್ದರು.

ಮುಚ್ಚಳ ತೆಗೆದದ್ದೇ ತಡ, ಘಾಟು ಹುಳಿ ವಾಸನೆ ಮೂಗಿಗೆ ಬಡಿಯಿತು. ರಬ್ಬರ್ ಬ್ಯಾಂಡು ಕರಗಿ ಅಂಟಾಗಿತ್ತು. ಫಿಲ್ಮುಗಳು ಬಿಸಿಲಿಗಿಟ್ಟ ಹಪ್ಪಳದಂತೆ ಸುರುಟಿಕೊಂಡಿದ್ದವು. ಒಂದನ್ನು ಬಿಡಿಸಲು ಹೋದರೆ ಚಟಕ್ಕನೆ ಮುರಿಯಿತು.

"ಇದಕ್ಕೆ ವಿನೆಗರ್ ಚೆಲ್ಲಿದ್ದು ಯಾರು?" ಎಂದು ಅಜ್ಜಯ್ಯ ಗುಡುಗಿದರು. ಆ ಮನೆಗೆ ವಿನೆಗರ್ ತರಿಸುತ್ತಿದ್ದವಳು ಸೊಸೆ, ಮಗಳ ಗೋಬಿ ಮಂಚೂರಿಗೆಂದು. "ಇಲ್ಲ ಮಾವಯ್ಯ, ನಾನು ಅಟ್ಟ ಹತ್ತಿದ್ದೇ ಇಲ್ಲ" ಎಂದರೂ ಅವರು ನಂಬಲಿಲ್ಲ. ಎರಡು ದಿನ ಆಕೆ ಬಡಿಸಿದ ಊಟವನ್ನು ಮಾತಿಲ್ಲದೆ ಉಂಡೆದ್ದರು.

ಸಂಶಯ ಬಗೆಹರಿಸಿದವಳು ಎರಡನೇ ಪಿಯುಸಿ ಓದುತ್ತಿದ್ದ ಮೊಮ್ಮಗಳು. ಡಬ್ಬದ ತಳದಲ್ಲಿ ಏನಾದರೂ ಚೆಲ್ಲಿದ ಕಲೆ ಇದೆಯೇ ಎಂದು ನೋಡಿದಳು, ಇರಲಿಲ್ಲ. ಹಾಗಾದರೆ ವಾಸನೆ ಫಿಲ್ಮಿನದೇ! ಅವಳ ರಸಾಯನಶಾಸ್ತ್ರದ ಪಠ್ಯದಲ್ಲಿ ಈಥೈಲ್ ಅಸಿಟೇಟ್ ನೀರಿನೊಡನೆ ವರ್ತಿಸಿ ಅಸಿಟಿಕ್ ಆಮ್ಲ ಕೊಡುವ ಪಾಠವಿತ್ತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸಮೀಕರಣ ಅಜ್ಜನ ಡಬ್ಬದಲ್ಲಿ ಕುಳಿತಿರಬಹುದೆಂದು ಯಾವ ವಿದ್ಯಾರ್ಥಿ ಊಹಿಸಿಯಾನು?

ಆ ಕಾಲದ ಫೋಟೊ ಫಿಲ್ಮಿನ ಹಾಳೆ ಸೆಲ್ಯುಲೋಸ್ ಅಸಿಟೇಟ್ ಎಂಬ ಪಾಲಿಮರ್. ಹತ್ತಿಯಲ್ಲೂ ಮರದಲ್ಲೂ ಇರುವ ಸೆಲ್ಯುಲೋಸಿನ ಉದ್ದನೆಯ ಸರಪಳಿಗೆ ಅಸಿಟಿಕ್ ಆಮ್ಲದ ತುಣುಕುಗಳನ್ನು ಪೋಣಿಸಿ ಇದನ್ನು ತಯಾರಿಸುತ್ತಾರೆ. ಗಾಳಿಯ ತೇವ ಒಳಸೇರಿದರೆ ಈ ತುಣುಕುಗಳು ಒಂದೊಂದಾಗಿ ಕಳಚಿ ಮತ್ತೆ ಅಸಿಟಿಕ್ ಆಮ್ಲವಾಗುತ್ತವೆ. ವಿನೆಗರ್‌ನ ಹುಳಿಯೂ ಅದೇ ಆಮ್ಲ. ಕೇಡು ಇಷ್ಟಕ್ಕೇ ನಿಲ್ಲುವುದಿಲ್ಲ. ಹೊರಬಂದ ಆಮ್ಲವೇ ಕ್ರಿಯಾವರ್ಧಕವಾಗಿ ಮುಂದಿನ ತುಣುಕು ಕಳಚುವುದನ್ನು ಚುರುಕುಗೊಳಿಸುತ್ತದೆ, ಉದ್ದನೆಯ ಸರಪಳಿಯನ್ನೂ ಕತ್ತರಿಸುತ್ತದೆ. ಬುಟ್ಟಿಯ ಒಂದು ಕೊಳೆತ ಮಾವು ಉಳಿದವನ್ನೂ ಕೆಡಿಸುತ್ತದಲ್ಲ, ಹಾಗೆ. ಹಾಳೆ ಕುಗ್ಗುತ್ತದೆ, ಅದರ ಮೇಲೆ ಚಿತ್ರವನ್ನು ಹಿಡಿದಿಟ್ಟಿರುವ ಜೆಲಾಟಿನ್ ಪದರ ಅಷ್ಟು ಕುಗ್ಗದು. ಆಗಲೇ ಸುಕ್ಕುಗಳು ಏಳುವುದು.

ಹಳೆಯ ನೈಟ್ರೇಟ್ ಫಿಲ್ಮಿಗೆ ಬೆಂಕಿಯ ಭಯವಿತ್ತು. ಸುರಕ್ಷಿತ ಫಿಲ್ಮೆಂದು 1948ರಲ್ಲಿ ಟ್ರೈಅಸಿಟೇಟ್ ಬಂತು. ಹತ್ತು ವರ್ಷ ತುಂಬುವ ಮೊದಲೇ ಕೊಡಕ್ ಕಂಪನಿಗೆ ಮೊದಲ ದೂರು ಹೋಯಿತು. ಬರೆದವರು ಯಾರೆನ್ನುತ್ತೀರಿ? ಭಾರತ ಸರ್ಕಾರ! ನಮ್ಮ ಸೆಕೆ, ನಮ್ಮ ತೇವದಲ್ಲಿ ಇಟ್ಟ ಸರ್ಕಾರಿ ಫಿಲ್ಮುಗಳು ಹುಳಿಯಾಗಿದ್ದವು. ಅಮೆರಿಕದ ರಾಚೆಸ್ಟರ್‌ನ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್‌ನ ಲೆಕ್ಕದಂತೆ, 21 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇ 50 ತೇವಾಂಶವಿರುವ ಕೋಣೆಯಲ್ಲಿ ಹೊಸ ಅಸಿಟೇಟ್ ಫಿಲ್ಮಿಗೆ ಹುಳಿ ಹಿಡಿಯಲು ಸುಮಾರು 40 ವರ್ಷ ಬೇಕು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿ, ಕೆಲವೊಮ್ಮೆ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಹೆಂಚಿನ ಕಾವು, ಮಳೆಗಾಲದಲ್ಲಿ ಉಪ್ಪೂ ನೀರೊಡೆಯುವ ತೇವ. ಮಲೆನಾಡಿನ ಅಟ್ಟದಲ್ಲಿ ಎರಡೂ ಧಾರಾಳ.

"ಅಷ್ಟು ಜೋಪಾನ ಮಾಡಿದ್ದೇ ತಪ್ಪಾಯ್ತಾ?" ಎಂದರು ಅಜ್ಜಯ್ಯ.

ಮೊಮ್ಮಗಳು ತಕ್ಷಣ ಉತ್ತರ ಹೇಳಲಿಲ್ಲ. ಆದರೆ ಸಂಗತಿ ಹಾಗೆಯೇ ಇತ್ತು. ಬಿಗಿಯಾಗಿ ಮುಚ್ಚಿದ ಡಬ್ಬದಿಂದ ಆಮ್ಲದ ಆವಿ ಹೋಗುವುದಾದರೂ ಎಲ್ಲಿಗೆ? ಮದುವೆಗೆಂದು ಕೊಂಡು ಕವರಿನಲ್ಲಿ ಸುತ್ತಿಟ್ಟ ಬೂಟಿನ ಅಟ್ಟೆ ನಾಲ್ಕೈದು ವರ್ಷದ ಮೇಲೆ ಕಾಲಿಗೆ ಹಾಕಿದ ದಿನವೇ ಪುಡಿಪುಡಿಯಾಗುವುದನ್ನು ಎಷ್ಟೋ ಮನೆಗಳು ಕಂಡಿವೆ. ಅಂಗಡಿಯವನಿಗೆ ಶಾಪ ಹಾಕುವ ಮೊದಲು ಇದನ್ನು ನೆನೆಯಬೇಕು. ಆ ಪಾಲಿಯುರಿಥೇನ್ ಅಟ್ಟೆಯಲ್ಲೂ ಹಲವು ಬಾರಿ ಇರುವುದು ನೀರಿಗೆ ಸೋಲುವ ಇಂಥದೇ ಎಸ್ಟರ್ ಬಂಧ. ಬಳಸದಿದ್ದರೆ ವಸ್ತು ಸವೆಯುವುದಿಲ್ಲ, ನಿಜ. ಹಳತಾಗದೆ ಇರುವುದಿಲ್ಲ.

ಹುಳಿಯಾದ ಫಿಲ್ಮನ್ನು ಮೊದಲಿನಂತೆ ಮಾಡುವ ಉಪಾಯವಿಲ್ಲ. ಚೆನ್ನಾಗಿರುವ ಫಿಲ್ಮಿನಿಂದ ಬೇರೆ ಇಟ್ಟು, ಆದಷ್ಟು ಬೇಗ ಪ್ರತಿ ತೆಗೆಸಬೇಕು. ಶಿವಮೊಗ್ಗದ ಸ್ಟುಡಿಯೋ ಒಂದರಲ್ಲಿ ಹನ್ನೆರಡು ನೆಗೆಟಿವ್‌ಗಳ ಪೈಕಿ ಐದು ಸ್ಕ್ಯಾನಿಗೆ ಒದಗಿದವು. ಅಜ್ಜಮ್ಮನದು ಮೂರು ತುಂಡಾಗಿತ್ತು. ಸ್ಟುಡಿಯೋದ ಹುಡುಗ ಗಾಜಿನ ಮೇಲೆ ಜೋಡಿಸಿ ಒಂದು ಮಧ್ಯಾಹ್ನವಿಡೀ ಕುಳಿತ. ಸೀರೆಯ ಸೆರಗಿನುದ್ದಕ್ಕೂ ಸುಕ್ಕಿನ ಗೆರೆಗಳು. ಮುಖ ಮಾತ್ರ ಸ್ಪಷ್ಟ.

ಉಳಿದ ನೆಗೆಟಿವ್‌ಗಳನ್ನು ಕಾಗದದ ಲಕೋಟೆಗಳಿಗೆ ಬಿಡಿಬಿಡಿಯಾಗಿ ತುಂಬುವ ಕೆಲಸವಿತ್ತು. ಅಜ್ಜಯ್ಯ ಅಡುಗೆಮನೆ ಬಾಗಿಲಲ್ಲಿ ನಿಂತು, "ಸ್ವಲ್ಪ ಬಾರಮ್ಮ, ನನ್ನ ಕೈ ನಡುಗುತ್ತದೆ" ಎಂದು ಸೊಸೆಯನ್ನೇ ಕರೆದರು.