ಕಟಕ್ ಅಂದ ರೊಟ್ಟಿ

1/4

ಫೋಟೋದಲ್ಲಿ ಇರೋದು ಹಪ್ಪಳ ಅಲ್ಲ, ಬಿಳಿಜೋಳದ ಖಡಕ್ ರೊಟ್ಟಿ. ನಮ್ಮ ಕ್ಲಾಸಿನವರಿಗೆ ಇದನ್ನ ನೋಡಿದ ತಕ್ಷಣ ಒಂದು ದಿನ ನೆನಪಾಗಬಹುದು. ಆಗದಿದ್ರೆ ನಾನೇ ನೆನಪಿಸ್ತೀನಿ.

ಫಸ್ಟ್ ಸೆಮ್. ಲಂಚ್ ಬ್ರೇಕ್. ವಿಜಯಪುರ ಜಿಲ್ಲೆಯಿಂದ ಬಂದಿದ್ದ ನನ್ನ ಬೆಂಚ್‌ಮೇಟ್ ಡಬ್ಬಿ ತೆಗೆದು ರೊಟ್ಟಿ ಮುರಿದ್ಲು. ಕಟಕ್ ಅಂತ ಸದ್ದಾಯ್ತು. "ಯಾರ ಸ್ಲೇಟೇ ಒಡೆದುಹೋಯ್ತು?" ಅಂತ ಯಾರೋ ಅಂದ್ರು. ಎಲ್ಲರೂ ನಕ್ಕರು. "ಯಾರೋ" ಅಂತ ಬರೆದು ತಪ್ಪಿಸಿಕೊಳ್ಳೋಕೆ ಮನಸ್ಸಿಲ್ಲ. ಆ ಮಾತು ಆಡಿದ್ದು ನಾನು.

ಅವಳೂ ನಕ್ಕಳು. ಅದಕ್ಕೇ ನಾನು ಅಲ್ಲಿಗೇ ಮರೆತೆ. ಮರುದಿನದಿಂದ ಅವಳ ಡಬ್ಬಿ ಕಾಣಲಿಲ್ಲ. ಕೇಳಿದ್ರೆ "ಹಸಿವಿಲ್ಲ" ಅಂತಿದ್ಲು. ಕೆಲವು ದಿನ ಬನ್ನು, ಕೆಲವು ದಿನ ಅದೂ ಇಲ್ಲ.

ನಮ್ಮ ಮನೆ ಹೊಸಹಳ್ಳಿ ಮೆಟ್ರೋ ಸ್ಟೇಷನ್‌ ಹತ್ತಿರ, ಅವಳ ಪೀಜಿಯೂ ಅದೇ ಕಡೆ. ದಿನಾ ಒಟ್ಟಿಗೇ ಬರ್ತೀವಿ. ಒಂದು ಸಂಜೆ ಸ್ಟೇಷನ್ ಮೆಟ್ಟಿಲು ಇಳೀತಾ, "ಸೆಮ್ ಮುಗದ ಮ್ಯಾಲೆ ಟೀಸಿ ತಗೊಂಡು ಊರಿಗೆ ಹೊಕ್ಕೀನಿ" ಅಂದ್ಲು. ಯಾಕೆ ಅಂದೆ. "ಇಲ್ಲಿ ಊಟಾನ ಸೇರವಲ್ದು" ಅಂದ್ಲು.

ಊಟ ಒಂದೇ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

(ಅವಳನ್ನ ಕೇಳಿಯೇ ಇದನ್ನ ಬರೀತಿದ್ದೀನಿ. "ಬರಿ, ಹೆಸರು ಮಾತ್ರ ಬ್ಯಾಡ" ಅಂದಿದ್ದಾಳೆ.)

2/4

ಸಾರಿ ಅನ್ನೋಕೆ ಬಾಯಿ ಬರಲಿಲ್ಲ. "ಶನಿವಾರ ಊಟಕ್ಕೆ ಹೋಗೋಣ, ಜಾಗ ನೀನೇ ಹೇಳು" ಅಂದೆ. ಅವಳು ಕರ್ಕೊಂಡು ಹೋಗಿದ್ದು ವಿಜಯನಗರದ ಒಂದು ಅಡ್ಡರಸ್ತೆಯ ಖಾನಾವಳಿಗೆ.

2015ರಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಗೆ ಮೆಟ್ರೋ ಶುರುವಾದಾಗ ನಾನಿನ್ನೂ ಪ್ರೈಮರಿ ಸ್ಕೂಲು. ಅಷ್ಟು ವರ್ಷದಿಂದ ಇದೇ ಏರಿಯಾದಲ್ಲಿ ಓಡಾಡ್ತಿದ್ದೀನಿ. "ಉತ್ತರ ಕರ್ನಾಟಕ ಊಟ" ಅನ್ನೋ ಬೋರ್ಡು ಕಣ್ಣಿಗೆ ಬಿದ್ದಿರುತ್ತೆ, ಒಳಗೆ ಕಾಲಿಟ್ಟಿರಲಿಲ್ಲ. ಇಷ್ಟೊಂದು ಖಾನಾವಳಿ ಇಲ್ಲಿ ಯಾಕೆ ಅಂತಲೂ ಯೋಚಿಸಿರಲಿಲ್ಲ. ವಿಜಯನಗರ, ಅತ್ತಿಗುಪ್ಪೆ, ಹಂಪಿನಗರ, ಚಂದ್ರಾ ಲೇಔಟ್ ತುಂಬ ಕೆಎಎಸ್, ಐಎಎಸ್ ಕೋಚಿಂಗ್ ಸೆಂಟರ್‌ಗಳು. ಕಲಬುರಗಿ, ರಾಯಚೂರು, ಬಾಗಲಕೋಟೆ, ವಿಜಯಪುರದಿಂದ ಬಂದು ರೂಮು ಮಾಡಿಕೊಂಡು ಓದೋರು ಬಹಳ ಜನ. ಅವರ ಹೊಟ್ಟೆ ಹುಡುಕಿಕೊಂಡು ರೊಟ್ಟಿಯೂ ಬಂದಿದೆ.

ನಮ್ಮ ದರ್ಶಿನಿ ಅಭ್ಯಾಸ ನಿಮಗೆ ಗೊತ್ತಲ್ಲ. ಟೋಕನ್ ತಗೋ, ನಿಂತು ತಿನ್ನು, ಹೊರಡು. ಇಲ್ಲಿ ಕೂತ ತಕ್ಷಣ ಬಡಿಸೋ ಅಣ್ಣ ಬಂದು, "ಬಿಸಿ ರೊಟ್ಟಿ ಬೇಕೇನ್ರಿ, ಕಟಕ ರೊಟ್ಟಿ ಬೇಕೇನ್ರಿ?" ಅಂದ್ರು. ಇವಳು ಅವರ ಜೊತೆ ಪಟಪಟ ಅಂತ ಮಾತಿಗೆ ಶುರುಮಾಡಿದ್ಲು. ಯಾವ ಊರು, ಯಾವ ತಾಲ್ಲೂಕು, ಮಳೆ ಆಯ್ತೇನು. ನನಗೆ ಗಾಬರಿ ಆಯ್ತು. ಇವಳ ದನಿ ಇಷ್ಟು ಜೋರು ಅಂತ ನನಗೆ ಗೊತ್ತೇ ಇರಲಿಲ್ಲ. ಕ್ಲಾಸಲ್ಲಿ ಪ್ರತಿ ಮಾತನ್ನೂ "ನಮ್ಮ ಥರ" ಮಾಡಿಕೊಂಡು ಮೆಲ್ಲಗೆ ಆಡ್ತಿದ್ಲು.

ತಟ್ಟೆಯಲ್ಲಿ ಬದನೆಕಾಯಿ ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಪುಡಿ, ಅದರ ಮೇಲೆ ಗಟ್ಟಿ ಮೊಸರು. ಪಕ್ಕದಲ್ಲಿ ಈರುಳ್ಳಿ, ಹಸಿ ಮೆಂತ್ಯ ಸೊಪ್ಪು. ಮೆಂತ್ಯವನ್ನ ನಾನು ಕರಿಬೇವಿನ ಹಾಗೆ ಪಕ್ಕಕ್ಕೆ ಎತ್ತಿಟ್ಟೆ. ಅವಳು ನಕ್ಕಳು. ಆ ದಿನ ನಗೋ ಸರದಿ ಅವಳದು.

ಖಡಕ್ ರೊಟ್ಟಿ ಯಾಕೆ ಅಂತ ಅಲ್ಲೇ ಗೊತ್ತಾಗಿದ್ದು. ಒಂದು ದಿನ ಕೂತು ಬಡಿದು ಪೂರ್ತಿ ಒಣಗಿಸಿಟ್ಟರೆ ವಾರಗಟ್ಟಲೆ ಕೆಡಲ್ಲ. ಹೊಲಕ್ಕೆ, ಪ್ರಯಾಣಕ್ಕೆ ಅದೇ ಬುತ್ತಿ. ಕಾಲೇಜು ಶುರುವಾದಾಗ ಅವಳ ಅವ್ವ ನಲವತ್ತು ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ರಾತ್ರಿ ಬಸ್ಸಿಗೆ ಕೊಟ್ಟು ಕಳಿಸಿದ್ರಂತೆ. ನಾನು ಸ್ಲೇಟು ಅಂದಿದ್ದು ಅದರಲ್ಲಿ ಒಂದಕ್ಕೆ. ಉಳಿದವು ಪೀಜಿಯ ಮಂಚದ ಕೆಳಗೇ ಇದ್ವು.

ಸಾರಿ ಅಂದೆ. "ಇರಲಿ ಬಿಡು, ಮೊದಲ ಉಣ್ಣು" ಅಂದ್ಲು.

3/4

ಮನೆಗೆ ಬಂದು ಅಮ್ಮನಿಗೆ ಎಲ್ಲಾ ಹೇಳಿದೆ. ಅಮ್ಮ ಬೈಯಲಿಲ್ಲ. "ಭಾನುವಾರ ಅವಳನ್ನ ಕರಿ, ರೊಟ್ಟಿ ಮಾಡೋಣ" ಅಂದ್ರು.

ಮೊದಲು ಪ್ರಾಕ್ಟೀಸ್ ಮಾಡಿದ್ವಿ. ಅಂಗಡಿಯಿಂದ ಜೋಳದ ಹಿಟ್ಟಿನ ಪ್ಯಾಕೆಟ್ ತಂದು ಚಪಾತಿ ಥರ ತಣ್ಣೀರಲ್ಲಿ ಕಲಸಿದ್ವಿ. ಫೋಟೋ 3 ನೋಡಿ, ಭೂಪಟ. ತಟ್ಟಿದ ಕಡೆಯೆಲ್ಲ ಬಿರುಕು, ಎತ್ತಿದರೆ ಮೂರು ತುಂಡು. ಐದನೆಯದೂ ಮುರಿದಾಗ ಅಮ್ಮ ಸೋತು ಕೂತರು. ಆಗ ಅವಳ ಅವ್ವನಿಗೇ ವಿಡಿಯೋ ಕಾಲ್ ಮಾಡಿದ್ವಿ.

"ಹಿಟ್ಟು ಎಷ್ಟ ದಿನದ್ದರೀ ಅಕ್ಕಾರ?"

ಪ್ಯಾಕೆಟ್ ಮೇಲಿನ ತಾರೀಕು ಓದಿ ಹೇಳಿದೆ.

"ಹಳೇ ಹಿಟ್ಟಿಗೆ ಜಿಗಿ ಇರೂದಿಲ್ರಿ. ಜ್ವಾಳ ತಂದು ಬೀಸಿಸ್ರಿ. ಎಸರು ಕುದೀಬೇಕು, ಬಿಸಿ ಇದ್ದಾಗನ ನಾದಬೇಕು."

ಎಸರು ಅಂದ ತಕ್ಷಣ ಅಮ್ಮ ಎದ್ದು ನಿಂತರು. "ಅಯ್ಯೋ, ಮುದ್ದೆಗೂ ಎಸರೇ ಅಲ್ವೇನ್ರೀ!"

ವಿಷಯ ಇಷ್ಟೇ. ಗೋಧಿಯಲ್ಲಿ ಗ್ಲುಟೆನ್ ಇದೆ, ಅದಕ್ಕೇ ಚಪಾತಿ ಹಿಟ್ಟು ತಣ್ಣೀರಲ್ಲೂ ಎಳೆ ಹಿಡಿಯುತ್ತೆ. ಜೋಳದಲ್ಲೂ ರಾಗಿಯಲ್ಲೂ ಅದಿಲ್ಲ. ಕುದಿಯೋ ನೀರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಉಬ್ಬಿ ಅಂಟಾಗುತ್ತೆ, ಆ ಅಂಟೇ ಎಲ್ಲವನ್ನೂ ಹಿಡಿದಿಡುತ್ತೆ. ವಿಜಯಪುರದ ಅವ್ವನೂ ಹೊಸಹಳ್ಳಿಯ ಅಮ್ಮನೂ ಇಷ್ಟು ವರ್ಷ ಮಾಡ್ತಿದ್ದಿದ್ದು ಒಂದೇ ಉಪಾಯ. ಹೆಸರೂ ಒಂದೇ, ಎಸರು.

ಮಾಡಿ ನೋಡೋರಿಗೆ: ಎರಡು ಲೋಟ ಹೊಸ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ನೀರು, ಚಿಟಿಕೆ ಉಪ್ಪು. ನೀರು ಕೊತಕೊತ ಕುದಿಯುವಾಗ ಹಿಟ್ಟಿಗೆ ಹಾಕಿ ಸೌಟಲ್ಲಿ ಕಲಸಿ. ಕೈ ತಾಳುವಷ್ಟು ಬಿಸಿ ಇರುವಾಗ್ಲೇ ಚೆನ್ನಾಗಿ ನಾದಿ. ಒಣ ಹಿಟ್ಟು ಉದುರಿಸಿ ಅಂಗೈಯಲ್ಲಿ ತಟ್ಟಿ. ಕಾದ ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಭಾಗ ಒರೆಸಿ, ನೀರು ಆರಿದ ಮೇಲೆ ತಿರುವಿ. ಕೊನೆಗೆ ಬೆಂಕಿಗೆ ಹಿಡಿದರೆ ಉಬ್ಬುತ್ತೆ. ನಮ್ಮದು ಎಂಟರಲ್ಲಿ ಎರಡು ಉಬ್ಬಿದ್ವು. ಆ ಎರಡನ್ನೂ ಅವಳ ತಟ್ಟೆಗೆ ಹಾಕಿದ್ವಿ.

4/4

ಅದೇ ಭಾನುವಾರ ಅಮ್ಮ ಮುದ್ದೆ, ಸೊಪ್ಪಿನ ಸಾರೂ ಮಾಡಿದ್ರು. ಅವಳು ಮುದ್ದೆ ಬಾಯಿಗಿಟ್ಟು ಅಗಿದ್ಲು. ಹಲ್ಲಿಗೆಲ್ಲ ಅಂಟಿ ಮುಖ ಸೊಟ್ಟ ಮಾಡಿದ್ಲು.

"ಅಗೀಬೇಡಮ್ಮ, ಸಾರಲ್ಲಿ ಅದ್ದಿ ನುಂಗು."

"ಅಗೀಲಾರದ ಹೆಂಗ ಉಣ್ಣೂದ್ರಿ ಆಂಟಿ?"

ಅಮ್ಮ ನಗಲಿಲ್ಲ. ಚಿಕ್ಕ ತುತ್ತು ಮಾಡಿ, ಸಾರಲ್ಲಿ ಹೊರಳಿಸಿ, ತಾವೇ ತಿಂದು ತೋರಿಸಿದ್ರು. ಗೊತ್ತಿಲ್ಲದವರಿಗೆ ಹೀಗೂ ಹೇಳಿಕೊಡಬಹುದು ಅಂತ ನೋಡ್ತಾ ಕೂತೆ.

ಕನಕದಾಸರ ರಾಮಧಾನ್ಯ ಚರಿತೆಯ ಕಥೆ ಗೊತ್ತಲ್ವಾ? ಅಕ್ಕಿ, ರಾಗಿ ಎರಡೂ ಯಾರು ಹೆಚ್ಚು ಅಂತ ಜಗಳ ಆಡ್ತವೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡ್ತಾನೆ. ಅಕ್ಕಿ ಕೆಡುತ್ತೆ, ರಾಗಿ ಗಟ್ಟಿಯಾಗಿ ಉಳಿಯುತ್ತೆ. ಅಲ್ಲಿ ಕೀಳು ಅನ್ನಿಸಿಕೊಂಡಿದ್ದು ಧಾನ್ಯ, ಕಥೆ ಇರೋದು ಅದನ್ನ ತಿನ್ನೋ ಜನರ ಬಗ್ಗೆ. 2023ನ್ನ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಘೋಷಿಸಿದಾಗ ನಾನು ಇದೇ ಕಥೆ ಹಾಕಿ, ಜೋಳ ರಾಗಿ ಹೊಗಳಿ ಪೋಸ್ಟರ್ ಮಾಡಿದ್ದೆ. ಪ್ರೈಜ್ ಕೂಡ ಬಂತು. ಆಮೇಲೆ ಪಕ್ಕದ ಬೆಂಚಿನ ಡಬ್ಬಿಯಲ್ಲಿ ಅದೇ ಜೋಳ ಬಂದಾಗ ಸ್ಲೇಟು ಅಂದೆ.

ಅವಳು ಟೀಸಿ ತಗೊಂಡಿಲ್ಲ. ನನ್ನಿಂದ ಅಂತ ಹೇಳಿಕೊಳ್ಳೋಕೆ ಆಗಲ್ಲ, ಅವಳ ಕಾರಣಗಳು ಅವಳವು. ಈಗ ಡಬ್ಬಿ ಮತ್ತೆ ಬರುತ್ತೆ. ಶೇಂಗಾ ಚಟ್ನಿಗೆ ನಮ್ಮ ಸಾಲಿನಲ್ಲಿ ಮೂರು ಜನ ಕೈ ಚಾಚ್ತಾರೆ. ಅವರಲ್ಲಿ ಇಬ್ಬರು ಅವತ್ತು ನಕ್ಕವರು (ಯಾರು ಅಂತ ನಿಮಗೇ ಗೊತ್ತು). ಎಳ್ಳ ಅಮವಾಸ್ಯೆಗೆ ಅವರ ಹೊಲಕ್ಕೆ ನನ್ನನ್ನೂ ಅಮ್ಮನನ್ನೂ ಕರೆದಿದ್ದಾರೆ. ಅವತ್ತು ಭೂಮಿತಾಯಿಗೆ ಚರಗ ಚೆಲ್ಲಿ ಎಲ್ಲರೂ ಹೊಲದಲ್ಲೇ ಕೂತು ಉಣ್ಣೋದಂತೆ. ಅಮ್ಮ ಈಗಲೇ ಬಸ್ ಟಿಕೆಟ್ ಬಗ್ಗೆ ಕೇಳ್ತಿದ್ದಾರೆ.

ನಿಮಗೆ ಒಂದೇ ಕೆಲಸ. ಈ ವಾರ ಹೊರಗೆ ತಿನ್ನೋಕೆ ಹೋಗುವಾಗ ಜಾಗ ನೀವು ಆರಿಸಬೇಡಿ. ಗುಂಪಲ್ಲಿ ಯಾವಾಗಲೂ "ಎಲ್ಲಾದ್ರೂ ಸರಿ" ಅನ್ನೋ ಒಬ್ಬರು ಇರ್ತಾರಲ್ಲ, ಅವರನ್ನ ಕೇಳಿ. ಅವರು ಎಲ್ಲಿಗೆ ಕರ್ಕೊಂಡು ಹೋದ್ರು, ಏನು ತಿನ್ನಿಸಿದ್ರು ಅಂತ ಕೆಳಗೆ ಬರೀರಿ. ನಾನು ಓದ್ತೀನಿ, ಅಮ್ಮನಿಗೂ ಓದಿ ಹೇಳ್ತೀನಿ.

#ಹೊಸಹಳ್ಳಿಊಟ #ಖಡಕ್‌ರೊಟ್ಟಿ #ಮುದ್ದೆ #ಎಸರು