ಬಾನೆಟ್ ಕೆಳಗಿನ ಜಾಡು

ಬೆಟಗೇರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಕೆಲಸ ನೋಡುತ್ತ ನಿಂತಿದ್ದೆ. ಮಿಸ್ ಹೊಡೆಯುತ್ತಿದ್ದ ಕಾರು. ಅವರು ಪಾನಾ ಮುಟ್ಟಲೇ ಇಲ್ಲ; ಟಾರ್ಚ್ ಹಿಡಿದು ವೈರಿಂಗಿನ ಜಾಡು ಹಿಡಿದರು. ಫ್ಯೂಸ್ ಬಾಕ್ಸಿನಿಂದ ಹೊರಟ ವೈರಿನ ಕಟ್ಟು ಬ್ಯಾಟರಿ ಟ್ರೇ ಅಡಿ ಹಾಯ್ದು, ಏರ್ ಫಿಲ್ಟರ್ ಪೈಪಿನ ಹಿಂದೆ ಮರೆಯಾಗಿತ್ತು. ಅಲ್ಲೇ ಬೆರಳಿಗೆ ಸಿಕ್ಕಿತು: ಲಾಕ್ ಮುರಿದ ಕನೆಕ್ಟರ್, ಪಿನ್ ಮೇಲೆ ಹಸಿರು ಕಿಲುಬು.

"ವೈರ್ ಹಿಡದು ಜಗ್ಗಬಾರದ್ರಿ, ಲಾಕ್ ಒತ್ತಿ ಬಿಚ್ಚಬೇಕು" ಅಂದರು.

ಸ್ಪೋರ್ಟ್ಸ್ ಕಾರಾದರೆ ಈ ಹುಡುಕಾಟ ಇನ್ನೂ ಬಿಗಿ. ಬಾನೆಟ್ ತಗ್ಗು, ಕೈ ಹೋಗುವುದೇ ಕಷ್ಟ; ಪೋರ್ಷೆ 911ರಲ್ಲಂತೂ ಎಂಜಿನ್ ಇರುವುದೇ ಹಿಂದೆ. ಆದರೂ ಜಾಡು ಹಿಡಿಯುವ ಕ್ರಮ ಅದೇ. ಜರ್ಮನ್ ಗಾಡಿಗಳಲ್ಲಿ ಕಂದು ವೈರ್ ಅರ್ಥಿಂಗಿನದು. ಅವುಗಳ ವೈರಿಂಗ್ ನಕ್ಷೆಯಲ್ಲಿ 30 ಅಂದರೆ ನೇರ ಬ್ಯಾಟರಿ, 15 ಅಂದರೆ ಕೀ ತಿರುವಿದಾಗ ಬರುವ ಕರೆಂಟು, 31 ಅಂದರೆ ಅರ್ಥಿಂಗ್. ಇಷ್ಟು ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಕಣದ ಹತ್ತಿರ ನಿಲ್ಲುವ ಗಾಡಿಗಳಿಗೆ ಇಲಿ ಕಾಟ ಬೇರೆ. ಕಡಿದ ವೈರಿಗೆ ಟೇಪ್ ಸುತ್ತಿ ಕಳಿಸುವವರೇ ಹೆಚ್ಚು. ಇದು ತಪ್ಪಬೇಕಾದರೆ ನಮ್ಮ ಐಟಿಐ ಹುಡುಗರಿಗೆ ವೈರಿಂಗ್ ನಕ್ಷೆ ಓದುವುದನ್ನು ಕನ್ನಡದಲ್ಲೇ, ಗಾಡಿ ಮುಂದೆ ನಿಲ್ಲಿಸಿ ಕಲಿಸಬೇಕು.